ಎಣ್ಣೆ ಡಬ್ಬಿ ಸೋರುತ್ತಿದೆಯೇ? ಹೊಸದು ತರುವ ಮುನ್ನ

ಹೊಸ ಡಬ್ಬಿ ಕೊಳ್ಳುವ ಆತುರ ಬೇಡ. ಒಲೆ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ, ಒಂದು ವಾರ ಎಣ್ಣೆ ಬಳಸಿದಾಗಲೆಲ್ಲ ಆದ ಕಿರಿಕಿರಿಯನ್ನು ಬರೆಯುತ್ತ ಹೋಗಿ. "ಡಬ್ಬಿ ಸರಿಯಿಲ್ಲ" ಅಂತ ಬರೆದರೆ ಏನೂ ಗಿಟ್ಟುವುದಿಲ್ಲ. "ಕೊನೆಯ ಹನಿ ಹೊರಮೈ ಮೇಲೆ ಇಳಿದು ತಳದಲ್ಲಿ ಜಿಡ್ಡಿನ ಉಂಗುರ ಕಟ್ಟಿತು" ಅಂತ ಬರೆದರೆ ಅರ್ಧ ಕೆಲಸ ಆದಂತೆ. ಪರಿಹಾರವನ್ನು ಮಾತ್ರ ಈಗಲೇ ಬರೆಯಬೇಡಿ. ಅದು ತಲೆಗೆ ಹೊಕ್ಕಿತೆಂದರೆ ಉಳಿದ ತೊಂದರೆಗಳು ಕಣ್ಣಿಗೇ ಬೀಳುವುದಿಲ್ಲ.

ಆಮೇಲೆ ಆ ಚೀಟಿಗೆ ಪ್ರಶ್ನೆ ಹಾಕಿ. ಅಮೆರಿಕದ ಜಾಹೀರಾತು ವೃತ್ತಿಯ ಅಲೆಕ್ಸ್ ಆಸ್ಬಾರ್ನ್ 1953ರ ಪುಸ್ತಕವೊಂದರಲ್ಲಿ ಹೊಸ ಉಪಾಯ ಹೊಳೆಯಿಸುವ ಪ್ರಶ್ನೆಗಳ ಪಟ್ಟಿ ಕೊಟ್ಟಿದ್ದರು. 1971ರಲ್ಲಿ ಶಿಕ್ಷಣತಜ್ಞ ಬಾಬ್ ಎಬರ್ಲೆ ಅದನ್ನು ಏಳಕ್ಕೆ ಇಳಿಸಿ, ಅವುಗಳ ಇಂಗ್ಲಿಷ್ ಮೊದಲಕ್ಷರ ಕೂಡಿಸಿ ಸ್ಕ್ಯಾಂಪರ್ ಎಂದು ಕರೆದರು: ಬದಲಿಗೆ ಏನು ಹಾಕಬಹುದು, ಯಾವುದನ್ನು ಕೂಡಿಸಬಹುದು, ಬೇರೆ ಕಡೆಯಿಂದ ಏನು ಎರವಲು ತರಬಹುದು, ಹಿಗ್ಗಿಸಿದರೆ ಕುಗ್ಗಿಸಿದರೆ ಹೇಗೆ, ಬೇರೆ ಕೆಲಸಕ್ಕೆ ಬಂದೀತೇ, ಯಾವುದನ್ನು ತೆಗೆದುಹಾಕಬಹುದು, ತಿರುವುಮುರುವು ಮಾಡಿದರೆ ಏನಾದೀತು. ಏಳಕ್ಕೂ ಉತ್ತರ ಹುಡುಕುತ್ತ ಕೂತರೆ ಸಾರು ಸೀದುಹೋಗುತ್ತದೆ! ಅಡುಗೆಮನೆಗೆ ಹೆಚ್ಚು ಒದಗುವುದು ಎರವಲು, ತಿರುವುಮುರುವು, ತೆಗೆದುಹಾಕುವುದು, ಈ ಮೂರೇ.

ತಿರುವುಮುರುವಿಗೆ ರುಬ್ಬುವ ಕಲ್ಲೇ ಸಾಕ್ಷಿ. ಒರಳಿನಲ್ಲಿ ಕಲ್ಲು ನಿಂತಿರುತ್ತದೆ, ಗುಂಡು ತಿರುಗುತ್ತದೆ, ಹಿಟ್ಟು ಒಳಕ್ಕೆ ತಳ್ಳಲು ಇನ್ನೊಂದು ಕೈ ಬೇಕು. ಗ್ರೈಂಡರಿನಲ್ಲಿ ಪಾತ್ರೆಯೇ ತಿರುಗುತ್ತದೆ, ಗುಂಡು ಇದ್ದಲ್ಲೇ ಉರುಳುತ್ತದೆ, ಅಲ್ಲಾಡದ ಪಟ್ಟಿಯೊಂದು ಅಂಚಿನ ಹಿಟ್ಟನ್ನು ಒಳಕ್ಕೆ ಮಗುಚುತ್ತದೆ. ಕೈಗೆ ಬಿಡುವು.

ಎಣ್ಣೆ ಡಬ್ಬಿಗೆ ಎರವಲು ತರಬೇಕಾದ್ದು ಗಿಂಡಿಯ ಮೂತಿಯನ್ನು. ಬಾಯಿಯ ಅಂಚು ದಪ್ಪಗೆ ದುಂಡಗಿದ್ದರೆ ಎಣ್ಣೆ ಅದಕ್ಕೆ ಅಂಟಿಕೊಂಡೇ ಸುತ್ತಿ ಹೊರಮೈಗೆ ಇಳಿಯುತ್ತದೆ. ತೆಳ್ಳಗಿನ ಚೂಪು ಅಂಚಾದರೆ, ತುದಿ ಸ್ವಲ್ಪ ಕೆಳಕ್ಕೆ ಬಾಗಿದ್ದರೆ, ಹನಿ ಅಲ್ಲೇ ಕಡಿಯುತ್ತದೆ. ಗುಳುಗುಳು ಅಂತ ಒಮ್ಮೆಲೇ ಸುರಿಯುವುದಕ್ಕೆ ಕಾರಣ ಬೇರೆ: ಹೋದ ಎಣ್ಣೆಯ ಜಾಗಕ್ಕೆ ಗಾಳಿ ಅದೇ ದಾರಿಯಲ್ಲಿ ನುಗ್ಗಬೇಕಾಗುತ್ತದೆ. ಗಾಳಿಗೆ ಬೇರೆ ತೂತು ಕೊಟ್ಟರೆ ಧಾರೆ ಸಮನಾಗುತ್ತದೆ.

ಮೊದಲು ರದ್ದಿ ಬಾಟಲಿಯಲ್ಲಿ ನೋಡಿ. ಮುಚ್ಚಳದಲ್ಲಿ ಎಣ್ಣೆಗೆ ಸುಮಾರು 3 ಮಿಲಿಮೀಟರಿನ ಒಂದು ತೂತು, ಎದುರು ಅಂಚಿನಲ್ಲಿ ಗಾಳಿಗೆ 2 ಮಿಲಿಮೀಟರಿನ ಇನ್ನೊಂದು. ಹತ್ತಿರ ಹತ್ತಿರ ಮಾಡಿದರೆ ಬಗ್ಗಿಸಿದಾಗ ಎರಡೂ ಎಣ್ಣೆಯಲ್ಲಿ ಮುಳುಗಿ ಗುಳುಗುಳು ನಿಲ್ಲುವುದಿಲ್ಲ. ಗಾಳಿಯ ತೂತು ತೀರಾ ಸೂಜಿಮೊನೆಯಷ್ಟಾದರೆ ಎಣ್ಣೆಯ ಪೊರೆ ಕಟ್ಟಿ ಗಾಳಿ ಹೋಗುವುದಿಲ್ಲ. ನೀರು ಹಾಕಿ ಪರೀಕ್ಷಿಸಬೇಡಿ, ಅದರ ಹರಿವೇ ಬೇರೆ. ಎಣ್ಣೆಯನ್ನೇ ಹತ್ತು ಸಲ, ಪ್ರತಿಸಲ ಒಂದು ಚಮಚದಷ್ಟು ಸುರಿದು, ಹೊರಮೈಯನ್ನು ಹಳೇ ಪೇಪರಿನಿಂದ ಒರೆಸಿ ಕಲೆ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತೂತು, ಅಂಚು ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಈ ಬಾಟಲಿ ಪ್ರಯೋಗಕ್ಕಷ್ಟೇ, ಬಿಸಿ ಬಾಣಲೆಯ ಮೇಲೆ ಹಿಡಿಯಬೇಡಿ.

ಕೊಬ್ಬರಿ ಎಣ್ಣೆ ಬಳಸುವ ಮನೆಗೆ ಈ ಲೆಕ್ಕ ಕೈಕೊಡುತ್ತದೆ. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ. ಮಲೆನಾಡಿನ ಡಿಸೆಂಬರಿನಲ್ಲಿ ಮೂತಿ ಕಟ್ಟಿಕೊಂಡು ಕೂರುತ್ತದೆ. ಅಲ್ಲಿ ಮೂತಿಯನ್ನೇ ತೆಗೆದುಹಾಕಿ: ಅಗಲ ಬಾಯಿಯ ಸ್ಟೀಲ್ ಡಬ್ಬಿ, ಒಳಗೊಂದು ಒಣ ಚಮಚ. ತುಪ್ಪಕ್ಕೂ ಅದೇ.

ಕೊನೆಗೆ ಡಬ್ಬಿಯನ್ನು ಕೈ ಒದ್ದೆಯಿರುವವರಿಗೆ, ಎಡಗೈಯವರಿಗೆ, ಬೆರಳು ನೋವಿನ ಅಜ್ಜಿಗೆ ಕೊಟ್ಟು ನೋಡಿ. ಹೇಗೆ ಹಿಡಿಯಬೇಕೆಂದು ಹೇಳಿಕೊಡಬೇಡಿ, ಸುಮ್ಮನೆ ಅವರ ಕೈ ಗಮನಿಸಿ, ಚೀಟಿಯಲ್ಲಿ ಬರೆದುಕೊಳ್ಳಿ.