ಹಳೆಯ ಆಪರೇಷನ್ ಬಗ್ಗೆ ಇಂಗ್ಲೆಂಡಿನ ಆಸ್ಪತ್ರೆಯಿಂದ ಕಾಗದ ಬಂದರೆ

ಒಬ್ಬ ಸರ್ಜನ್ ಮೇಲೆ ಗಂಭೀರ ದೂರು ಬಂದಾಗ ಇಂಗ್ಲೆಂಡಿನ ಆಸ್ಪತ್ರೆಗಳು ಅವರ ಹಳೆಯ ರೋಗಿಗಳ ಕಡತಗಳನ್ನು ಬೇರೆ ತಜ್ಞರಿಂದ ಪರಿಶೀಲಿಸಿ, ಬೇಕಾದವರನ್ನು ಮತ್ತೆ ತಪಾಸಣೆಗೆ ಕರೆಯುತ್ತವೆ. ಇದಕ್ಕೆ ಅಲ್ಲಿ ರೀಕಾಲ್ ಎನ್ನುತ್ತಾರೆ. ಕಾಗದ ಹೋಗುವುದು ಕಡತದಲ್ಲಿರುವ ವಿಳಾಸಕ್ಕೆ. ಕೆಲಸ ಮುಗಿಸಿ ಮಡಿಕೇರಿಗೋ ಗೋಣಿಕೊಪ್ಪಕ್ಕೋ ಮರಳಿದವರಿಗೆ ಅದು ತಲುಪದೇ ಹೋಗಬಹುದು. ನಿಮ್ಮ ಸರ್ಜನ್ ಹೆಸರು ಸುದ್ದಿಯಲ್ಲಿ ಕಂಡರೆ ಆಸ್ಪತ್ರೆಗೆ ನೀವೇ ಬರೆಯಿರಿ.

ಬರೆಯುವಾಗ ಹೆಸರಿನ ಬಗ್ಗೆ ಎಚ್ಚರ. ನಮ್ಮ ಕೊಡಗಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ; ಪಾಸ್‌ಪೋರ್ಟಿನಲ್ಲಿ ಅದು ಸರ್‌ನೇಮ್ ಆಗಿರಬಹುದು, ಬರೀ ಇನಿಶಿಯಲ್ ಆಗಿರಬಹುದು, ಮದುವೆಯ ನಂತರ ಬದಲಾಗಿರಬಹುದು. ಬಳಸಿದ ಎಲ್ಲ ರೂಪಗಳನ್ನೂ, ಹುಟ್ಟಿದ ದಿನಾಂಕವನ್ನೂ, ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕೊಟ್ಟ 10 ಅಂಕಿಯ ಸಂಖ್ಯೆಯನ್ನೂ ಕೊಡಿ. ಉತ್ತರ ಇಮೇಲಿನಲ್ಲೇ ಬರಲಿ ಎಂದು ಕೇಳಿ. ಕೊಡಗಿನ ಆಟಿ ಮಳೆಯಲ್ಲಿ ಫೋನನ್ನು ನಂಬುವಂತಿಲ್ಲ.

ಮೊದಲ ಕೆಲಸ ದಾಖಲೆ ತರಿಸುವುದು. ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಆಪರೇಷನ್ ನೋಟ್, ಸಹಿ ಹಾಕಿದ ಒಪ್ಪಿಗೆ ಪತ್ರ, ಕ್ಲಿನಿಕ್ ಪತ್ರಗಳು, ಲ್ಯಾಬಿನ ಪೆಥಾಲಜಿ ವರದಿ, ಸ್ಕ್ಯಾನ್ ವರದಿಯ ಜೊತೆ ಚಿತ್ರಗಳು, ಇಷ್ಟನ್ನೂ ಹೆಸರಿಸಿ ಕೇಳಿ. ಸ್ತನ ಸರ್ಜನ್ ಇಯಾನ್ ಪ್ಯಾಟರ್ಸನ್ ಕ್ಯಾನ್ಸರ್ ಇಲ್ಲದವರಿಗೂ ಭಯ ಹುಟ್ಟಿಸಿ ಕತ್ತರಿ ಹಾಕಿದ್ದರು. 2017ರಲ್ಲಿ ಅವರಿಗೆ ಶಿಕ್ಷೆಯಾಯಿತು. ಇಂಥ ಪ್ರಕರಣಗಳಲ್ಲಿ ಸತ್ಯ ಸಿಗುವುದು ಲ್ಯಾಬ್ ಹೇಳಿದ್ದಕ್ಕೂ ರೋಗಿಗೆ ಹೇಳಿದ್ದಕ್ಕೂ ಇರುವ ಅಂತರದಲ್ಲಿ. ವಯಸ್ಕರ ಆಸ್ಪತ್ರೆ ಕಡತಗಳನ್ನು ಸಾಮಾನ್ಯವಾಗಿ ಚಿಕಿತ್ಸೆ ಮುಗಿದು 8 ವರ್ಷ ಇಡುತ್ತಾರೆ. ಅಲ್ಲಿ ಸಿಗದಿದ್ದರೆ ನಿಮ್ಮ ಜಿಪಿ (ಅಲ್ಲಿನ ಕುಟುಂಬ ವೈದ್ಯರು) ಕಡತದಲ್ಲಿ ಪತ್ರಗಳ ಪ್ರತಿ ಉಳಿದಿರಬಹುದು.

ಹೆಚ್ಚಿನವರು ಎಡವುವುದು ಇಲ್ಲಿ: ಆಸ್ಪತ್ರೆಯ ಪರಿಶೀಲನೆ, ಜನರಲ್ ಮೆಡಿಕಲ್ ಕೌನ್ಸಿಲ್ ವಿಚಾರಣೆ, ಪರಿಹಾರದ ದಾವೆ ಮೂರೂ ಬೇರೆಬೇರೆ. ಕೌನ್ಸಿಲ್‌ಗೆ ದೂರು ಕೊಟ್ಟರೆ ವೈದ್ಯರ ನೋಂದಣಿಗೆ ಕುತ್ತು ಬರಬಹುದು, ನಿಮಗೆ ಹಣ ಬರುವುದಿಲ್ಲ. ಪರಿಶೀಲನೆ ಮುಗಿಯಲಿ ಎಂದು ಕುಳಿತರೆ ದಾವೆಯ ಗಡುವು ಮೀರಬಹುದು. ಹಾನಿಯಾದ ದಿನದಿಂದ, ಅಥವಾ ಚಿಕಿತ್ಸೆಯಿಂದಲೇ ಹಾನಿಯಾಗಿರಬಹುದು ಎಂದು ತಿಳಿದ ದಿನದಿಂದ, 3 ವರ್ಷದೊಳಗೆ ಕೋರ್ಟಿನಲ್ಲಿ ದಾವೆ ಹೂಡಬೇಕು. ದೂರು ಬರೆದರೆ ಸಾಲದು. ಮಕ್ಕಳಿಗೆ 18 ತುಂಬಿದ ಮೇಲೆ ಎಣಿಕೆ ಶುರು. ಆದ್ದರಿಂದ ಕಾಗದ ಕೈಗೆ ಬಂದ ದಿನ ಬರೆದಿಡಿ, ಲಕೋಟೆಯನ್ನೂ ಇಟ್ಟುಕೊಳ್ಳಿ. ಎನ್‌ಎಚ್‌ಎಸ್‌ಗೆ ದೂರು ಕೊಡಲು ಬೇರೆಯೇ ಗಡುವಿದೆ, 12 ತಿಂಗಳು.

‘ಹಾನಿಯಾಗಿಲ್ಲ’ ಎಂದು ಪರಿಶೀಲನೆಯ ಪತ್ರ ಹೇಳಿದರೆ ಅದು ತೀರ್ಪಲ್ಲ. ದಾಖಲೆ ಹಿಡಿದು ಸ್ವತಂತ್ರ ತಜ್ಞರನ್ನು ಕೇಳಬಹುದು. ಆಸ್ಪತ್ರೆ ಕ್ಷಮೆ ಕೇಳಿತೆಂದರೆ ತಪ್ಪೊಪ್ಪಿಕೊಂಡಿತು ಎಂದೂ ಅಲ್ಲ. ಆರೈಕೆ ಒಪ್ಪತಕ್ಕ ಮಟ್ಟಕ್ಕಿಂತ ಕೆಳಗಿತ್ತು, ಹಾನಿಗೆ ಅದೇ ಕಾರಣ, ದಾವೆಯಲ್ಲಿ ಈ ಎರಡನ್ನೂ ನೀವೇ ತೋರಿಸಬೇಕು. ಎರಡನೆಯದೇ ಕಷ್ಟ. ಮೈಸೂರಲ್ಲೋ ಮಂಗಳೂರಲ್ಲೋ ಮರುಚಿಕಿತ್ಸೆ ಮಾಡಿಸಿದ್ದರೆ ಡಿಸ್ಚಾರ್ಜ್ ಸಾರಾಂಶ, ಬಿಲ್ಲು, ಬಾಡಿಗೆ ಕಾರಿನ ರಸೀದಿ ಎಲ್ಲವೂ ಬೇಕಾಗುತ್ತವೆ.

ಎನ್‌ಎಚ್‌ಎಸ್‌ನಲ್ಲಿ ಆಪರೇಷನ್ ಆಗಿದ್ದರೆ ದಾವೆ ಆಸ್ಪತ್ರೆಯನ್ನು ನಡೆಸುವ ಸಂಸ್ಥೆಯಾದ ಟ್ರಸ್ಟ್ ಮೇಲೆ. ಖಾಸಗಿಯಲ್ಲಿ ಸರ್ಜನ್ ಆಸ್ಪತ್ರೆಯ ನೌಕರನಾಗಿರದೆ ಸ್ವಂತ ವಿಮೆ ಇಟ್ಟುಕೊಂಡಿರಬಹುದು. ಹಾಗಾಗಿ ನೋಟಿಸ್ ಇಬ್ಬರಿಗೂ ಹೋಗಲಿ. ಪ್ಯಾಟರ್ಸನ್ ಪ್ರಕರಣದಲ್ಲಿ ಖಾಸಗಿ ರೋಗಿಗಳಿಗಾಗಿ ಕೊನೆಗೆ ಸುಮಾರು 3.7 ಕೋಟಿ ಪೌಂಡ್ ನಿಧಿ ಮಾಡಬೇಕಾಯಿತು.

ಗೆದ್ದರೆ ಮಾತ್ರ ಶುಲ್ಕ ಪಡೆಯುವ ಸಾಲಿಸಿಟರ್‌ಗಳು (ವಕೀಲರು) ಇದ್ದಾರೆ. ಅವರ ಯಶಸ್ಸಿನ ಶುಲ್ಕ ನೋವಿನ ಪರಿಹಾರ ಮತ್ತು ಈವರೆಗಿನ ನಷ್ಟದ ಮೊತ್ತದಲ್ಲಿ 25% ಮೀರುವಂತಿಲ್ಲ. ಸೋತರೆ ಬರುವ ವೆಚ್ಚಕ್ಕೆ ಮಾಡಿಸುವ ವಿಮೆಯ ಕಂತು ಬೇರೆ. ಸಹಿಗೆ ಮುಂಚೆ ಎರಡನ್ನೂ ಲಿಖಿತವಾಗಿ ಪಡೆಯಿರಿ.

ಎನ್‌ಎಚ್‌ಎಸ್ ತಪಾಸಣೆಗೆ ಕರೆದಾಗ ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿ, ಅದಕ್ಕೆ ಹಣ ಕೊಡಬೇಕಿಲ್ಲ. ಅತ್ತೆಯ ಆಪರೇಷನ್ ವಿಷಯವನ್ನು ಸೊಸೆಯ ಬಾಯಲ್ಲಿ ಹೇಳಿಸಬೇಡಿ. ಸೊಸೆಯ ಮುಂದೆ ಅತ್ತೆ ಮುಚ್ಚಿಟ್ಟ ನೋವು ಕಡತ ಸೇರುವುದೇ ಇಲ್ಲ.