ಸರ್ಫರ್‌ಗಳ ದಮ್ಮು ಅಳೆಯೋದು: ನನ್ನ ಅನುಭವ

ಬೆಂಗಳೂರಿಗೆ ಸಮುದ್ರ ಇಲ್ಲದಿದ್ದರೂ ಸರ್ಫರ್‌ಗಳಿಗೆ ಬರ ಇಲ್ಲ. ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ಇಳಿದು, ಬೆಳಗ್ಗೆ ಮೂಲ್ಕಿಯಲ್ಲೋ ಸಸಿಹಿತ್ಲುವಿನಲ್ಲೋ ನೀರಿಗಿಳಿಯುವವರು ಇವರು. ಜಯನಗರದಲ್ಲಿ ಫಿಟ್‌ನೆಸ್ ಪರೀಕ್ಷೆ ಮಾಡುವ ನನ್ನ ಹತ್ತಿರ ಬಂದರೆ ಹೆಚ್ಚಿನವರದು ಒಂದೇ ದೂರು: "ಕಬ್ಬನ್ ಪಾರ್ಕಲ್ಲಿ ಆರಾಮಾಗಿ ಓಡ್ತೀನಿ ಸಾರ್, ಬೋರ್ಡ್ ಮೇಲೆ ಮಲಗಿ ಸ್ವಲ್ಪ ಕೈ ಬೀಸಿದ್ರೆ ಸುಸ್ತು."

ಅದು ಸಹಜ. ದಡದಲ್ಲಿ ನಿಂತವರಿಗೆ ಸರ್ಫಿಂಗ್ ಅಂದರೆ ಅಲೆ ಮೇಲೆ ನಿಲ್ಲೋದು, ಅಲ್ವಾ? ಸ್ಪರ್ಧೆಗಳಲ್ಲಿ ಗಡಿಯಾರ ಹಿಡಿದು ನೋಡಿದರೆ ಸುಮಾರು ಅರ್ಧ ಹೊತ್ತು ಹೊಟ್ಟೆ ಮೇಲೆ ಮಲಗಿ ಪ್ಯಾಡಲ್ ಮಾಡೋದರಲ್ಲೇ, ಅಂದರೆ ಕೈಯಿಂದ ನೀರು ತಳ್ಳುತ್ತಾ ಮುಂದೆ ಹೋಗೋದರಲ್ಲೇ, ಕಳೆಯುತ್ತದೆ. ಉಳಿದದ್ದು ಬಹುಪಾಲು ಕಾಯೋದು. ಅಲೆ ಸವಾರಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ವಿಒ2 ಮ್ಯಾಕ್ಸ್ (ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಗರಿಷ್ಠ ಆಮ್ಲಜನಕ) ತೆಗೆದರೆ ಕಾಲಿನ ಸುದ್ದಿ ಗೊತ್ತಾಗುತ್ತದೆ, ಅಷ್ಟೇ.

ಹಾಗಾಗಿ ಕೈಯಿಂದ ತಿರುಗಿಸುವ ಸೈಕಲ್ ಇಟ್ಟುಕೊಂಡೆ. 20 ವ್ಯಾಟ್‌ನಿಂದ ಶುರು, ನಿಮಿಷಕ್ಕೆ 10 ವ್ಯಾಟ್ ಏರಿಕೆ, ಕೈ ಸೋಲುವವರೆಗೆ. ಒಳ್ಳೆಯ ಪರೀಕ್ಷೆಯೇ, ಆದರೆ ಕುಳಿತು ಮಾಡುವಂಥದ್ದು. ಎದೆ ಎತ್ತಿ ಮಲಗಿದಾಗ ಬೆನ್ನು ಹಿಡಿಯುವ ಕಷ್ಟ ಇದರಲ್ಲಿ ಕಾಣಿಸುವುದಿಲ್ಲ. ನಾನು ಜಾಸ್ತಿ ನಂಬುವುದು ಈಜುಕೊಳದ 400 ಮೀಟರ್ ಪ್ಯಾಡಲ್ ಪರೀಕ್ಷೆಯನ್ನು.

ಕೊಳದವರನ್ನು ಒಪ್ಪಿಸೋದೇ ದೊಡ್ಡ ಕೆಲಸ. ಬೋರ್ಡಿನ ತಳದ ರೆಕ್ಕೆ, ಅಂದರೆ ಫಿನ್, ತಾಗಿ ಟೈಲ್ಸ್ ಒಡೆದರೆ ಯಾರು ಹೊಣೆ ಅಂತ ಅವರ ಪ್ರಶ್ನೆ. ಮೆತ್ತನೆ ಫಿನ್ ಇರುವ ಫೋಮ್ ಬೋರ್ಡ್ ತೋರಿಸಿ, ಮಕ್ಕಳ ಕೋಚಿಂಗ್‌ಗೆ ಮುಂಚಿನ ಬೆಳಗಿನ ಹೊತ್ತು ಕೇಳಿಕೊಂಡೆ. ಗೋಡೆಗೆ ಕಾಲು ಕೊಟ್ಟು ತಳ್ಳಿಕೊಂಡರೆ ಪರೀಕ್ಷೆ ಕೆಟ್ಟಿತು. ಅದಕ್ಕೇ ಗೋಡೆಗಿಂತ ಮೊದಲೇ ತೇಲುವ ಬುರುಡೆ ಕಟ್ಟಿ, ಅದನ್ನು ಸುತ್ತಿ ಬರಲು ಹೇಳುತ್ತೇನೆ. ಬೋರ್ಡ್ ಪ್ರತಿ ಸಲವೂ ಅದೇ ಇರಬೇಕು. ದೊಡ್ಡ ಬೋರ್ಡ್ ಹೆಚ್ಚು ತೇಲುತ್ತದೆ, ಸಮಯವೂ ಸುಮ್ನೆ ಚೆನ್ನಾಗಿ ಬಂದುಬಿಡುತ್ತದೆ.

ಎದೆಬಡಿತಕ್ಕೆ ಕೈಗಡಿಯಾರ ಬೇಡ. ನೀರು, ಕೈಬೀಸು ಸೇರಿದರೆ ಅದರ ಲೆಕ್ಕ ತಪ್ಪುತ್ತದೆ. ಎದೆಗೆ ಕಟ್ಟುವ ಪಟ್ಟಿಯೇ ಸರಿ, ಅದೂ ತನ್ನೊಳಗೇ ದಾಖಲೆ ಇಟ್ಟುಕೊಳ್ಳುವಂಥದ್ದು. ಬ್ಲೂಟೂತ್ ಸಿಗ್ನಲ್ ನೀರೊಳಗೆ ದೂರ ಹೋಗುವುದಿಲ್ಲ. ಮೇಲೆ ಬಂದ ಕೂಡಲೇ ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿದಾಗ ರಕ್ತದಲ್ಲಿ ಏರುವ ವಸ್ತು) ನೋಡಲು ಕಿವಿಯ ಹಾಲೆ ಚುಚ್ಚುತ್ತೇನೆ. ಅದಕ್ಕೂ ಮೊದಲು ಟವೆಲ್‌ನಿಂದ ಕೂದಲು, ಕಿವಿ ಎರಡನ್ನೂ ಒರೆಸಬೇಕು. ಕೂದಲಿಂದ ಒಂದು ಹನಿ ನೀರು ಇಳಿದರೂ ರಕ್ತ ತೆಳುವಾಗಿ ಅಂಕಿ ಕಡಿಮೆ ಬರುತ್ತದೆ. ಬೆವರು ಸೇರಿದರೆ ಉಲ್ಟಾ, ಬೆವರಲ್ಲೂ ಲ್ಯಾಕ್ಟೇಟ್ ಇರುತ್ತದಲ್ಲ. ಮೊದಲ ತೊಟ್ಟು ಒರೆಸಿ, ಎರಡನೆಯದನ್ನು ಸ್ಟ್ರಿಪ್‌ಗೆ ಹಿಡಿಯುತ್ತೇನೆ.

ಒಟ್ಟು ಸಮಯಕ್ಕಿಂತ ನಾನು ಪ್ರತಿ 50 ಮೀಟರಿನ ಸಮಯವನ್ನೇ ಜಾಸ್ತಿ ನೋಡುತ್ತೇನೆ. ಓಟಗಾರರು ಮೊದಲ ಎರಡು ಸುತ್ತು ಧಾವಿಸಿ, ಮೂರನೆಯದರಿಂದ ಕುಸಿಯುತ್ತಾರೆ. ಉಸಿರು ಇನ್ನೂ ಹಿಡಿತದಲ್ಲೇ ಇರುತ್ತದೆ, ಭುಜ ಮಾತ್ರ ಕಲ್ಲಾಗಿರುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೇಲಿನ ದರ್ಜೆಯ ಸರ್ಫರ್‌ಗಳಿಗೂ ಅವರಿಗಿಂತ ಕೆಳಗಿನವರಿಗೂ ಕೈಯ ವಿಒ2 ಗರಿಷ್ಠದಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಲ್ಯಾಕ್ಟೇಟ್ ಏರುವ ಮೊದಲು ಎಷ್ಟು ವ್ಯಾಟ್ ತಡೆಯುತ್ತಾರೆ ಅನ್ನುವುದರಲ್ಲಿ ಅಂತರ ಇತ್ತು. ನನ್ನ ಕೊಳದಲ್ಲೂ ಕಾಣುವುದು ಅದೇ.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಕೊಳದ್ದು ಸಿಹಿನೀರು. ಎತ್ತರ, ನೀರು ಎರಡೂ ಅಂಕಿಯನ್ನು ಬದಲಿಸುತ್ತವೆ. ಇಲ್ಲಿನ ಅಂಕಿಯನ್ನು ಕರಾವಳಿಯಲ್ಲಿ ತೆಗೆದದ್ದರ ಪಕ್ಕ ಇಟ್ಟು ಹೆಮ್ಮೆಯನ್ನೂ ಪಡಬೇಡಿ, ಬೇಜಾರೂ ಮಾಡಿಕೊಳ್ಳಬೇಡಿ. ಎರಡು ತಿಂಗಳು ಪ್ಯಾಡಲ್ ಅಭ್ಯಾಸ ಮಾಡಿ ಅದೇ ಕೊಳಕ್ಕೆ, ಅದೇ ಬೋರ್ಡ್ ಹಿಡಿದು ಬನ್ನಿ. ನಿಮ್ಮ ಹಳೆಯ ಅಂಕಿ ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತದೆ.