ಎರಡು ಸಂತೆ, ಒಂದು ಪೆನ್ಸಿಲ್: ಪ್ಯೂರಿಟನ್ನರ ಕಾಲದ ಸಾಹಿತ್ಯ ಓದುವುದು ಹೇಗೆ?

ಮಡಿಕೇರಿಯಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತೇನೆ. 17ನೇ ಶತಮಾನದ ಇಂಗ್ಲೆಂಡಿನ ಧರ್ಮದ ಜಗಳ ಅಂದರೆ ಎಲ್ಲರಿಗೂ ತಲೆನೋವು. ಪಂಗಡಗಳ ಹೆಸರು ಸುಮ್ನೆ ಬಾಯಿಪಾಠ ಮಾಡಬೇಡಿ. ಎರಡು ಸಂತೆಗಳನ್ನು ಜೊತೆಗಿಟ್ಟು ಓದಿ. ನಮ್ಮ ಶುಕ್ರವಾರದ ಸಂತೆ ಸುತ್ತಿದವರಿಗೆ ಇದೇನು ಕಷ್ಟ ಅಲ್ಲ.

ಮೊದಲು ಬೆನ್ ಜಾನ್ಸನ್‌ನ 'ಬಾರ್ಥಲೋಮ್ಯೂ ಫೇರ್', 1614ರ ನಾಟಕ. ಬಿಜಿ ಎಂಬ ಪ್ಯೂರಿಟನ್ (ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧ ಮಾಡಬೇಕು ಅನ್ನುತ್ತಿದ್ದ ಕಟ್ಟುನಿಟ್ಟಿನ ಪ್ರಾಟೆಸ್ಟಂಟ್) ಬರುವ ಭಾಗಗಳನ್ನು ಗಟ್ಟಿಯಾಗಿ ಓದಿ. ಸಂತೆಯೆಲ್ಲ ಪಾಪ ಅಂತ ಬೈಯುವವನು, ಹಂದಿಮಾಂಸ ತಿನ್ನಲು ಧರ್ಮದಲ್ಲೇ ಕಾರಣ ಹುಡುಕಿಕೊಂಡು ಅಲ್ಲಿಗೇ ಹೋಗುತ್ತಾನೆ. ಪಂದಿಕರಿ ಉಂಡು ಬೆಳೆದ ನಮ್ಮ ಮಕ್ಕಳು ಇಲ್ಲಿ ಜೋರಾಗಿ ನಗುತ್ತಾರೆ. ನಗಲಿ. ಆಮೇಲೆ ಅವನು ಶುಂಠಿ ಬಿಸ್ಕತ್ತಿನ ಗೊಂಬೆಗಳನ್ನು ವಿಗ್ರಹ ಅಂತ ಕರೆದು ಅಂಗಡಿಯನ್ನೇ ಕೆಡವುತ್ತಾನೆ. ಅಲ್ಲಿ ನಿಲ್ಲಿಸಿ. ಅದು ಒಬ್ಬ ಹೆಂಗಸಿನ ಹೊಟ್ಟೆಪಾಡು. ಬಿಜಿಯ ಕಾಲಿಗೂ ಮರದ ಕೋಳ ಬೀಳುತ್ತದೆ.

ಈಗ ಪ್ಯೂರಿಟನ್ ಬೋಧಕನೇ ಆದ ಜಾನ್ ಬನ್ಯನ್‌ನ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್', 1678. ವ್ಯಾನಿಟಿ ಫೇರ್ ಎಂಬ ಸಂತೆಗೆ ಇಬ್ಬರು ಯಾತ್ರಿಕರು ಬರುತ್ತಾರೆ. ಏನು ತಗೊಳ್ತೀರಿ ಅಂದರೆ, ಸತ್ಯ ಕೊಳ್ಳುತ್ತೇವೆ ಅನ್ನುತ್ತಾರೆ. ಅವರನ್ನು ಹೊಡೆದು, ಮೈಗೆಲ್ಲ ಕೊಳಕು ಬಳಿದು, ಬೋನಿಗೆ ಹಾಕುತ್ತಾರೆ. ಒಬ್ಬನನ್ನು ಕೊನೆಗೆ ಸುಟ್ಟೇಬಿಡುತ್ತಾರೆ. ಹೋದ ಮಳೆಗಾಲ ಕರೆಂಟ್ ಹೋಗಿ ಕ್ಲಾಸು ಕತ್ತಲಾಗಿತ್ತು. ಕಿಟಕಿ ಹತ್ತಿರ ಇದನ್ನು ಓದುತ್ತಿದ್ದ ಹುಡುಗಿ ಪುಸ್ತಕ ಮಡಚಿ, "ಮೇಡಂ, ಸಂತೆಯವರು ಇವರನ್ನೂ ಬಿಜಿ ಥರದವರು ಅಂತಾನೇ ಅಂದ್ಕೊಂಡ್ರಾ?" ಅಂದಳು. ಕೇಳಬೇಕಾದ ಪ್ರಶ್ನೆ ಇದೇ ಅಲ್ವಾ?

ಪೆನ್ಸಿಲ್ ತಗೊಳ್ಳಿ. ಪುಟದ ಅಂಚಿನಲ್ಲಿ ಮೂರು ಇಸವಿ ಬರೆಯಿರಿ: 1614, 1642, 1660. ಪ್ರತಿಯೊಂದರ ಪಕ್ಕ, ಜೈಲಿನ ಬೀಗದಕೈ ಯಾರ ಹತ್ತಿರ ಇತ್ತು ಅಂತ ಬರೆಯಿರಿ. 1614ರಲ್ಲಿ ರಾಜನ ಹತ್ತಿರ. 1642ರಲ್ಲಿ ಪ್ಯೂರಿಟನ್ನರ ಕೈ ಮೇಲಾಗಿದ್ದ ಪಾರ್ಲಿಮೆಂಟ್ ನಾಟಕಶಾಲೆಗಳನ್ನೇ ಮುಚ್ಚಿಸಿತು. ನಡುವೆ ಇಲ್ಲವಾಗಿದ್ದ ರಾಜನ ಆಳ್ವಿಕೆ 1660ರಲ್ಲಿ ವಾಪಸ್ ಬಂತು, ಅದೇ ವರ್ಷ ಅನುಮತಿ ಇಲ್ಲದೆ ಬೋಧನೆ ಮಾಡಿದ್ದಕ್ಕೆ ಬನ್ಯನ್ ಜೈಲು ಸೇರಿದ. ಊರೂರು ತಿರುಗಿ ಪಾತ್ರೆ ರಿಪೇರಿ ಮಾಡುತ್ತಿದ್ದವನು 12 ವರ್ಷ ಬೆಡ್‌ಫರ್ಡ್ ಜೈಲಿನಲ್ಲಿದ್ದ. ಲೇಸುಗಳ ತುದಿಗೆ ತಗಡು ಸುತ್ತಿ ಮಾರಿ ಸಂಸಾರ ಸಾಕಿದ. ಬೋಧನೆ ಬಿಡ್ತೀನಿ ಅಂದಿದ್ದರೆ ಬಿಡುಗಡೆಯಾಗುತ್ತಿತ್ತು. ಅವನು ಅನ್ನಲಿಲ್ಲ.

ಕೊನೆಗೆ ಕವಿ ಮಿಲ್ಟನ್‌ನ 'ಅರಿಯೊಪಜಿಟಿಕ', 1644. ಅಚ್ಚು ಹಾಕಲು ಲೈಸೆನ್ಸ್ ಯಾಕೆ ಬೇಕು ಅಂತ ಜಗಳ ತೆಗೆಯುವ ಬರಹ, ನನಗೆ ತುಂಬಾ ಇಷ್ಟ. ಬೇರೆಬೇರೆ ಅಭಿಪ್ರಾಯಗಳನ್ನು ಸಹಿಸಬೇಕು ಅನ್ನುವ ಅದರಲ್ಲೇ, ಕ್ಯಾಥೊಲಿಕರ ಧರ್ಮಕ್ಕೆ ಮಾತ್ರ ಆ ಸಹನೆ ಇಲ್ಲ ಅನ್ನುವ ಮಾತೂ ಇದೆ. ಅದನ್ನು ಹುಡುಕಿ, ಅಡಿಗೆರೆ ಹಾಕಿ.